ಎಡಗಡೆಯ ಬೆಕ್ಕುಗಳು

ಕುಷ್ಟಗಿಯಲ್ಲಿ ಕಚೇರಿಗಳಿರುವ ರಸ್ತೆಯ ಪಕ್ಕ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಒಂದು ಮಷಿನ್, ಒಂದು ಕಂಪ್ಯೂಟರ್, ಎರಡು ಸ್ಟೂಲು, ಬೇಸಿಗೆಯಲ್ಲಿ ಬಿಸಿಗಾಳಿಯನ್ನೇ ತಿರುಗಿಸಿ ಕೊಡುವ ಒಂದು ಫ್ಯಾನು. ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿ ಅರ್ಜಿ, ಏನೇ ಇದ್ದರೂ ಜನ ನನ್ನ ಹತ್ತಿರ ಬರುತ್ತಾರೆ. ಬಂದವರಲ್ಲಿ ಅರ್ಧ ಜನಕ್ಕೆ ನಾನು ಹೇಳುವ ಮಾತು ಒಂದೇ: "ಸರ್ವರ್ ಇಲ್ರಿ, ಕುಂದರ್ರಿ." ಅವರು ಕೂತು ನನ್ನನ್ನೇ ದಿಟ್ಟಿಸುತ್ತಾರೆ, ಸರ್ವರನ್ನು ನಾನೇ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೇನೋ ಎಂಬಂತೆ. ಆ ನೋಟದಿಂದ ತಪ್ಪಿಸಿಕೊಳ್ಳಲು ಮೊಬೈಲಿನಲ್ಲಿ ತಲೆ ಹುದುಗಿಸುತ್ತಿದ್ದೆ. ಬೆಕ್ಕು ಹುಡುಕುವ ಆಟ ನನಗೆ ಗಂಟುಬಿದ್ದದ್ದು ಹಾಗೆ.

ಆಟ ಬಹಳ ಸರಳ. ಕಪ್ಪು ಗೆರೆಯಲ್ಲಿ ಬರೆದ ಒಂದು ಚಿತ್ರ ತೆರೆದುಕೊಳ್ಳುತ್ತದೆ. ಯಾವುದೋ ದೇಶದ ಸಂತೆ, ರೈಲು ನಿಲ್ದಾಣ, ಮೀನು ಮಾರುವ ಬೀದಿ. ಅದರೊಳಗೆ ಬೆಕ್ಕುಗಳು ಅಡಗಿರುತ್ತವೆ. ಒಂದು ಚಿಮಣಿಯ ಹಿಂದೆ, ಒಂದು ಹೆಂಗಸಿನ ಟೋಪಿಯ ಮೇಲೆ, ಇನ್ನೊಂದರದು ಪರದೆಯ ಮಡಿಕೆಯಲ್ಲಿ ಬರೀ ಕಿವಿ ಮಾತ್ರ. ಬೆರಳಿಟ್ಟರೆ ಬಣ್ಣ ತುಂಬಿಕೊಂಡು ಮಿಯಾಂವ್ ಎನ್ನುತ್ತದೆ. ಎಲ್ಲ ಬೆಕ್ಕುಗಳೂ ಸಿಗುವವರೆಗೆ ಮುಂದಿನ ಚಿತ್ರ ತೆರೆಯುವುದಿಲ್ಲ. ಒಂದೇ ಒಂದು ಉಳಿದರೂ ನನಗೆ ಊಟ ಸೇರುತ್ತಿರಲಿಲ್ಲ. ಅರ್ಜಿ ಹಾಕಲು ಬಂದವರನ್ನು, "ಸ್ವಲ್ಪ ತಡೀರಿ, ಸರ್ವರ್ ಬರಾಕತ್ತೈತಿ" ಎಂದು ಕೂರಿಸಿ ಬೆಕ್ಕು ಹುಡುಕಿದ್ದೂ ಉಂಟು.

ಗಂಡನ ಮನೆ ಬಿಟ್ಟು ಬಂದ ಮೇಲೆ ನಾನೂ ಅವ್ವನೂ ಅಂಗಡಿಯ ಎದುರಿನ ಓಣಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ಬಿಟ್ಟು ಬಂದದ್ದು ಬೇರೆಯೇ ಕಥೆ, ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಅವ್ವನ ಊರು ಯಲಬುರ್ಗಾ ಕಡೆಯ ತಳಕಲ್. ಜೀವನವೆಲ್ಲ ಹೊಲದ ಕೆಲಸ ಮಾಡಿದವಳು. ಕುಷ್ಟಗಿಗೆ ಬಂದ ಮೇಲೆ ಅವಳಿಗೆ ಉಳಿದ ಕೆಲಸವೆಂದರೆ ರೊಟ್ಟಿ ಬಡಿಯುವುದು, ಮಧ್ಯಾಹ್ನ ಡಬ್ಬಿ ಹಿಡಿದು ರಸ್ತೆ ದಾಟಿ ನನ್ನ ಅಂಗಡಿಗೆ ಬರುವುದು, ಬಂದವರಿಗೆಲ್ಲ ನನ್ನ ಸಿಟ್ಟಿನ ಬಗ್ಗೆ ಕ್ಷಮೆ ಕೇಳುವುದು. "ಆಕಿ ಬಾಯಿ ಅಷ್ಟ ಜೋರ್ರಿ, ಮನಸು ಛಲೋ ಐತಿ" ಎಂದು ನನ್ನೆದುರಿಗೇ ಹೇಳುತ್ತಿದ್ದಳು.

ಒಂದು ದಿನ ಊಟ ಬಿಟ್ಟು ಮೊಬೈಲಿನಲ್ಲೇ ಮುಳುಗಿದ್ದವಳನ್ನು ಕೇಳಿದಳು:

"ಏನ ಹುಡಕಾಕತ್ತಿ?"

"ಬೆಕ್ಕ."

"ಬೆಕ್ಕ ಹುಡಕಾಕ ಮೊಬೈಲ್ ಯಾಕ ಬೇಕು? ಹಾಲಿನ ಗಡಿಗಿ ಮುಚ್ಚಳ ತಗದಿಡು, ತಾವ ಬರತಾವ."

ಹೀಗೆ ಹೀಯಾಳಿಸಿದವಳು ಬಗ್ಗಿ ನೋಡಿ, ನಾನು ಬೆಳಗಿನಿಂದ ಹುಡುಕುತ್ತಿದ್ದ ಕೊನೆಯ ಬೆಕ್ಕಿನ ಮೇಲೆ ಹಿಟ್ಟು ಮೆತ್ತಿದ ಬೆರಳಿಟ್ಟಳು. ಅದು ಹೂಕುಂಡದ ಎಲೆಗಳ ನಡುವೆ ಎಲೆಯೇ ಆಗಿ ಕೂತಿತ್ತು. ಆಮೇಲೆ ಅವಳಿಗೂ ರುಚಿ ಹತ್ತಿತು. ಹೊಲದಲ್ಲಿ ಹುಲ್ಲಿನೊಳಗಿನ ಹಾವನ್ನು ಎಲ್ಲರಿಗಿಂತ ಮೊದಲು ಕಾಣುತ್ತಿದ್ದ ಕಣ್ಣು ಅದು. ನಾನು ಒಂದು ಹುಡುಕುವಷ್ಟರಲ್ಲಿ ಮೂರು ಮುಟ್ಟಿರುತ್ತಿದ್ದಳು. ನನಗೆ ಸೋಲು ಎಂದರೆ ಸಣ್ಣಂದಿನಿಂದಲೂ ಆಗಿಬರುವುದಿಲ್ಲ. ಅವ್ವನಾದರೂ ಅಷ್ಟೇ, ಅತ್ತೆಯಾದರೂ ಅಷ್ಟೇ. "ನನಗ ಆಡಾಕ ಬಿಡವಲ್ಲಿ" ಎಂದು ಮುಖ ಊದಿಸಿಕೊಂಡೆ. ಅವ್ವ ನಕ್ಕು, "ಹಂಗಾರ ಸಾಲ ಹಿಡಿಯೂಣ" ಎಂದಳು.

ಸಾಲು ಹಿಡಿಯುವುದೆಂದರೆ ಹತ್ತಿ ಬಿಡಿಸುವ ಹೆಂಗಸರ ಪದ್ಧತಿ. ಉಡಿ ಕಟ್ಟಿಕೊಂಡು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಹೊರಡುತ್ತಾರೆ. ಆ ಸಾಲಿನ ಹತ್ತಿ ಅವಳದು. ಬಿಡಿಸಿದ್ದನ್ನು ತೂಗಿ ಕೂಲಿ ಕೊಡುವುದರಿಂದ ಪಕ್ಕದವಳ ಸಾಲಿಗೆ ಕೈ ಹಾಕುವುದೆಂದರೆ ಕಳ್ಳತನ. ಅವಳು ನೋಡದೆ ಬಿಟ್ಟ ಕಾಯಿ ನಿನ್ನ ಕಣ್ಣಿಗೆ ಎಷ್ಟೇ ಬಿಳಿ ಕಂಡರೂ ಸುಮ್ಮನೆ ಮುಂದೆ ಹೋಗಬೇಕು. ಹೇಳುವ ಹಾಗೂ ಇಲ್ಲ. ಹೇಳಿದರೆ, ಅವಳ ಕೆಲಸ ನೀಟಿಲ್ಲ ಎಂದು ಹೊಲದ ಒಡೆಯನಿಗೆ ಕೇಳುವಂತೆ ಚಾಡಿ ಹೇಳಿದ ಹಾಗೆ. ಸಾಲು ಮುಗಿಸಿ ಅವಳು ಎದ್ದ ಮೇಲೆ ಉಳಿದದ್ದು ಹಕ್ಕಲು. ಅದನ್ನು ಯಾರು ಬೇಕಾದರೂ ಆಯ್ದುಕೊಳ್ಳಬಹುದು. ಸಣ್ಣಂದಿನಿಂದ ಅವ್ವನ ಜೊತೆ ಹೊಲಕ್ಕೆ ಹೋಗುತ್ತಿದ್ದ ನನಗೆ ಈ ನೀತಿ ಅಕ್ಷರಕ್ಕಿಂತ ಮೊದಲೇ ತಲೆಗೆ ಹೋಗಿತ್ತು.

ಆಟದಲ್ಲೂ ಅದೇ ನಡೆಯಿತು. ಮೊಬೈಲನ್ನು ಟೇಬಲ್ಲಿನ ಮೇಲೆ ಅಡ್ಡ ಇಟ್ಟು, ಚಿತ್ರದ ನಡುವಿನ ಯಾವುದೋ ಕಂಬವನ್ನೋ ಗಿಡವನ್ನೋ ಬದು ಎಂದು ಗೊತ್ತುಮಾಡುತ್ತಿದ್ದೆವು. ಅವ್ವನ ಸ್ಟೂಲು ನನ್ನ ಎಡಕ್ಕಿತ್ತು, ಹಾಗಾಗಿ ಎಡಗಡೆ ಅವಳಿಗೆ, ಬಲಗಡೆ ನನಗೆ. ತನ್ನ ಕಡೆ ಮುಗಿಯಿತು ಎಂದು ಅವಳು ಬಾಯಿಬಿಟ್ಟು ಹೇಳುವ ತನಕ ನಾನು ಬದು ದಾಟುವ ಹಾಗಿಲ್ಲ. ಹೀಗೆ ಹಂಚಿಕೊಂಡ ಮೇಲೂ ಅವ್ವನೇ ಗೆಲ್ಲುತ್ತಿದ್ದಳು. ತನ್ನ ಕಡೆ ಮುಗಿಸಿ ಕೈಕಟ್ಟಿ ಕೂತು, ನನ್ನ ಕಡೆಯ ಬೆಕ್ಕು ಕಂಡರೂ ಹೇಳದೆ, ನಾನು ತಡಕಾಡುವುದನ್ನು ನೋಡಿ ಕಿಸಕ್ಕನೆ ನಗುತ್ತಿದ್ದಳು. ಆ ನಗುವಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಹಿಂಗಾರಿನ ಜೋಳ ಎದೆಯೆತ್ತರ ಬಂದಿದ್ದ ದಿನಗಳಲ್ಲಿ ಅವ್ವನಿಗೆ ಒಮ್ಮೆ ವಿಪರೀತ ತಲೆನೋವು ಬಂತು. ಎರಡು ಸಲ ವಾಂತಿಯಾಯಿತು. ಪಿತ್ತ ಎಂದು ನಾನೇ ತೀರ್ಮಾನಿಸಿ, ನಿಂಬೆಹಣ್ಣಿನ ನೀರು ಕೊಟ್ಟು, ಹಣೆಗೆ ಮುಲಾಮು ತಿಕ್ಕಿ, ಒಂದು ಗುಳಿಗೆ ನುಂಗಿಸಿ ಮಲಗಿಸಿದೆ. ಮಾರನೆಯ ದಿನ ಎದ್ದು ರೊಟ್ಟಿ ಬಡಿದಳು. ಆರಾಮಾಯಿತು ಎಂದುಕೊಂಡೆ. ರೊಟ್ಟಿ ಬಡಿಯುವವರು ಆರಾಮಿದ್ದಾರೆ ಎಂದೇ ನಮ್ಮ ಮನೆಯ ಲೆಕ್ಕ.

ನಾನು ಗೆಲ್ಲತೊಡಗಿದ್ದು ಅದಾದ ಮೇಲೆ. ಅವ್ವ ಬದುವಿನ ಹತ್ತಿರದ ಒಂದೆರಡು ಬೆಕ್ಕು ಮುಟ್ಟಿ, "ನನ್ನ ಕಡಿ ಮುಗೀತು" ಎಂದು ಕೂತುಬಿಡುತ್ತಿದ್ದಳು. ನನಗೆ ಅವಳ ಕಡೆಯವು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದವು. ಎಡ ಅಂಚಿನ ಬಾಗಿಲಲ್ಲಿ ಒಂದು, ಬ್ಯಾರಲ್ಲಿನೊಳಗೆ ಒಂದು, ಮೂಲೆಯ ಮೆಟ್ಟಿಲ ಮೇಲೆ ನೆಟ್ಟಗೆ ಕೂತದ್ದು ಇನ್ನೊಂದು. ಅಡಗಿಯೂ ಇರುತ್ತಿರಲಿಲ್ಲ, ಅಷ್ಟು ಸಲೀಸು.

"ಮುಗೀತ? ಖರೇ?"

"ಮುಗೀತವಾ. ಇನ್ನೇನೂ ಇಲ್ಲ."

"ಮತ್ತೊಮ್ಮೆ ನೋಡು."

ಅವ್ವ ಬಗ್ಗಿ ನೋಡುತ್ತಿದ್ದಳು. "ಇಲ್ಲ" ಎನ್ನುತ್ತಿದ್ದಳು. ಆಗ ನಾನು ಹಕ್ಕಲು ಆಯುತ್ತಿದ್ದೆ. ಒಂದರ ಹಿಂದೊಂದು ಮಿಯಾಂವ್ ಎಂದು ಕೂಗುತ್ತಿದ್ದಂತೆ ನನಗೆ ಆಗುತ್ತಿದ್ದ ಸಂತೋಷ ಹೇಳಿದರೆ ಯಾರೂ ನಂಬುವುದಿಲ್ಲ. ದಿನವಿಡೀ ಯಾರೋ ಸಾಹೇಬರ ಸಹಿ ಬಿದ್ದಿಲ್ಲವೆಂದು ಬೈಸಿಕೊಳ್ಳುವವಳಿಗೆ, ಗಂಡನ ಮನೆಯಲ್ಲಿ ನಿಲ್ಲಲಿಲ್ಲವೆಂದು ಬೆನ್ನ ಹಿಂದೆ ಅನ್ನಿಸಿಕೊಳ್ಳುವವಳಿಗೆ, ಒಂದು ಕಡೆಯಾದರೂ ಗೆಲುವು. "ಇವತ್ತ ನಿನ್ನ ಕಡಿ ಭಾಳ ಬಂದಾವ ನೋಡ" ಎಂದು ಅವ್ವ ಅಂದರೆ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದು ಗಾದೆ ಹಾಕಿ ಚುಚ್ಚುತ್ತಿದ್ದೆ. "ನಿನಗ ವಯಸ್ಸಾತು, ಒಪ್ಪಿಕೋ" ಎಂದೂ ಅಂದಿದ್ದೇನೆ. ಅವ್ವ ವಾದ ಮಾಡುತ್ತಿರಲಿಲ್ಲ. ಡಬ್ಬಿ ತೊಳೆದುಕೊಂಡು ಮನೆಗೆ ಹೋಗುತ್ತಿದ್ದಳು.

ಕಾಣಬೇಕಾದದ್ದು ಮನೆಯಲ್ಲೂ ಇತ್ತು. ತಾಟಿನಲ್ಲಿ ಎಡಕ್ಕೆ ಬಡಿಸಿದ ಶೇಂಗಾ ಚಟ್ನಿಪುಡಿ, ಅಂದರೆ ಹಿಂಡಿ, ಹಾಗೆಯೇ ಉಳಿದಿರುತ್ತಿತ್ತು. "ಹಿಂಡಿ ಹಾಕಲೇ ಇಲ್ಲಲ್ಲ" ಎಂದು ಅವಳು ಕೇಳಿದರೆ, "ಮುಂದ ಐತಿ, ಕಣ್ಣ ತಗದು ಉಣ್ಣು" ಎಂದು ನಾನು ಗದರುತ್ತಿದ್ದೆ. ಅಡುಗೆ ಮನೆಯಿಂದ ಹೊರಗೆ ಬರುವಾಗ ಎಡ ಭುಜವನ್ನು ಬಾಗಿಲ ಚೌಕಟ್ಟಿಗೆ ಬಡಿಸಿಕೊಳ್ಳುತ್ತಿದ್ದಳು. ಅಲ್ಲಿ ಒಂದು ನೀಲಿಗಟ್ಟಿದ ಕಲೆ ಆಗಿತ್ತು. ಬಾಡಿಗೆ ಮನೆಯ ಬಾಗಿಲು ಇಕ್ಕಟ್ಟು ಎಂದು ನಾನು ಮಾಲೀಕರನ್ನು ಬೈದೆ.

ಇಷ್ಟೆಲ್ಲ ನನಗೆ ಗೊತ್ತೇ ಆಗಿರಲಿಲ್ಲ ಎಂದು ಬರೆದು ಮುಗಿಸಿಬಿಡಬಹುದಿತ್ತು. ಆದರೆ ಅದು ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ ಹಡಗುಕಟ್ಟೆಯ ಚಿತ್ರ ಬಂದಿತ್ತು. ಅವ್ವ ಬಿಟ್ಟ ಬೆಕ್ಕುಗಳೆಲ್ಲ ಎಡ ಅಂಚಿಗೆ ಸಾಲಾಗಿ ಕೂತಿದ್ದವು. ನಿನ್ನೆಯೂ ಹೀಗೇ ಇತ್ತಲ್ಲ, ಮೊನ್ನೆಯೂ ಹೀಗೇ ಇತ್ತಲ್ಲ ಎಂದು ಸ್ಪಷ್ಟವಾಗಿ ಅನ್ನಿಸಿತು. ಒಂದೇ ಕಡೆ ಯಾಕೆ ಎಂಬ ಪ್ರಶ್ನೆ ನಾಲಿಗೆಯ ತನಕ ಬಂತು. ಕೇಳಲಿಲ್ಲ. ಕೇಳಿದರೆ ಅವ್ವ ಎಚ್ಚರಾಗುತ್ತಾಳೆ, ನಾಳೆಯಿಂದ ಅಂಚು ನೋಡಲು ಸುರು ಮಾಡುತ್ತಾಳೆ, ನಾನು ಸೋಲುತ್ತೇನೆ ಎಂಬ ಲೆಕ್ಕ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿತು. ಸಾಲಿನ ನೀತಿಯೂ ನೆಪಕ್ಕೆ ಸಿಕ್ಕಿತು. ಇನ್ನೊಬ್ಬರ ಸಾಲಿನ ಕಾಯಿ ತೋರಿಸಬಾರದಲ್ಲ. ಸುಮ್ಮನೆ ಬೆರಳು ಚಾಚಿ ಎಲ್ಲವನ್ನೂ ಮುಟ್ಟಿದೆ.

ಅದಾಗಿ ಬಹಳ ದಿನ ಕಳೆದಿರಲಿಲ್ಲ. ಅವ್ವ ಎಂದಿನ ಹಾಗೆ ಡಬ್ಬಿ ಹಿಡಿದು ರಸ್ತೆ ದಾಟುತ್ತಿದ್ದಳು. ನಾನು ಅಂಗಡಿಯಲ್ಲಿ ಕೂತು ನೋಡುತ್ತಿದ್ದೆ. ಬಲಗಡೆಯಿಂದ ಬಂದ ಟ್ರ್ಯಾಕ್ಟರ್ ಹೋಗುವ ತನಕ ನಿಂತಳು. ರಸ್ತೆಯ ನಡು ಮುಟ್ಟಿದಳು. ಅಲ್ಲಿಂದ ಮುಂದೆ ಬಂಡಿಗಳು ಎಡಗಡೆಯಿಂದ ಬರುತ್ತವೆ. ಖಾಲಿ ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಬೈಕ್ ಹಾರ್ನ್ ಹೊಡೆಯುತ್ತಲೇ ಬರುತ್ತಿತ್ತು. ಅವ್ವ ಹಾರ್ನ್ ಕೇಳಿ ಬಲಕ್ಕೆ ತಿರುಗಿ ನೋಡಿದಳು. ಆ ಕಡೆ ಏನೂ ಇರಲಿಲ್ಲ. ನೆಮ್ಮದಿಯಿಂದ ಹೆಜ್ಜೆ ಮುಂದಿಟ್ಟಳು. ನಾನು ಕೂಗುವಷ್ಟರಲ್ಲಿ ಮುಗಿದುಹೋಗಿತ್ತು.

ಓಡಿದವಳು ಮೊದಲು ಅವ್ವನ ಹತ್ತಿರ ಹೋಗಬೇಕಿತ್ತು. ನಾನು ಬೈಕಿನವನ ಅಂಗಿ ಹಿಡಿದೆ. ಅಂದಿನ ಸಂತೆಗೆ ಬಂದಿದ್ದ ಮಂದಿಯೆಲ್ಲ ಕೇಳುವ ಹಾಗೆ ಅವನ ತಾಯಿ ತಂದೆಯನ್ನೂ ಸೇರಿಸಿ ಬೈದೆ. ಅವನೂ ಬಿದ್ದು ಮೊಣಕೈ ಕಿತ್ತುಕೊಂಡಿದ್ದ.

"ಅಕ್ಕಾ, ಹಾರ್ನ್ ಹೊಡಕೋಂತನ ಬಂದೇನ್ರಿ. ಆ ಯವ್ವ ನನ್ನ ಕಡಿ ನೋಡ್ಲೇ ಇಲ್ರಿ."

"ನೀ ನೋಡಬೇಕಾಗಿತ್ತಲೋ, ಕಣ್ಣ ಎಲ್ಲಿ ಇಟಗೊಂಡಿದ್ದಿ?"

ಕಣ್ಣಿನ ಮಾತು ಆಡಿದವಳು ನಾನು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಆ ಮನುಷ್ಯ ಆಸ್ಪತ್ರೆಯ ತನಕ ನಮ್ಮ ಜೊತೆಗೇ ಬಂದ, ಅವ್ವನನ್ನು ಗಾಡಿಗೆ ಎತ್ತಿ ಹಾಕಿದವನೂ ಅವನೇ. ಅವನಿಗೆ ನಾನು ಇವತ್ತಿನವರೆಗೂ ಒಂದು ಒಳ್ಳೆಯ ಮಾತು ಹೇಳಿಲ್ಲ.

ತೊಡೆಯ ಮೂಳೆ ಮುರಿದಿತ್ತು. ಕೊಪ್ಪಳಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿ ರಾಡು ಹಾಕಿಸಿದೆವು. ಗಂಗಾವತಿಯಿಂದ ಅಕ್ಕ ಬಂದಳು. ಬಂದವಳು ನನ್ನ ಕೈ ಹಿಡಿದುಕೊಂಡು, "ನೀ ಅಕಿ ಕೂಡ ಅದೀ ಅಂತ ನಾ ನಿಶ್ಚಿಂತಿ ಇದ್ನಿ. ನಾ ಆಗಿದ್ರ ಇಷ್ಟು ನೋಡಕೋತಿದ್ದಿಲ್ಲ" ಎಂದು ಅತ್ತಳು. ನಾನೂ ಅತ್ತೆ. ಅಕ್ಕ ತಿಳಿದುಕೊಂಡ ಕಾರಣಕ್ಕೆ ಅತ್ತದ್ದಲ್ಲ.

ಹಾಸಿಗೆಯಲ್ಲಿದ್ದ ಅವ್ವ ಎಡಕ್ಕೆ ನಿಂತು ಮಾತಾಡಿಸಿದವರಿಗೆ ಬಲಕ್ಕೆ ನೋಡಿ ಉತ್ತರ ಕೊಡುತ್ತಿದ್ದುದನ್ನು ಒಬ್ಬ ವೈದ್ಯರು ಗಮನಿಸಿದರು. ಎದುರಿಗೆ ಕೂತು, "ಯವ್ವಾ, ನನ್ನ ಮೂಗು ಅಷ್ಟ ನೋಡ್ರಿ. ಬೆರಳ ಅಲ್ಲಾಡಿದ್ದು ಕಂಡ್ರ ಹೇಳ್ರಿ" ಎಂದರು. ಬಲಗಡೆ ಬೆರಳು ಆಡಿಸಿದಾಗ ಅವ್ವ ಹೇಳಿದಳು. ಎಡಗಡೆ ಆಡಿಸಿದಾಗ ಸುಮ್ಮನಿದ್ದಳು. ಅವರು ಆಡಿಸುತ್ತಲೇ ಇದ್ದರು, ಅವಳು ಅವರ ಮೂಗನ್ನೇ ನೋಡುತ್ತ, "ಯಾವಾಗ ಅಲ್ಲಾಡಸತೀರಿ?" ಎಂದು ಕೇಳಿದಳು. ಸ್ಕ್ಯಾನ್ ಆಯಿತು. ಮೆದುಳಿನ ಹಿಂಭಾಗದ ಒಂದು ಕಡೆ ರಕ್ತ ಹೋಗುವುದು ನಿಂತು, ಮೊದಲೇ ಯಾವಾಗಲೋ ಒಂದು ಸಣ್ಣ ಲಕ್ವ ಹೊಡೆದುಹೋಗಿದೆ ಎಂದರು. ನಾನು ಪಿತ್ತ ಎಂದದ್ದು ಅದು.

"ಕಣ್ಣಿಗೆ ಏನೂ ಆಗಿಲ್ರಿ," ವೈದ್ಯರು ನನಗೆ ಬಿಡಿಸಿ ಹೇಳಿದರು. "ಎಡಗಡಿ ಅಂತ ಒಂದು ಐತಿ ಅನ್ನೂದ ಮೆದುಳಿಗೆ ಮರ್ತುಹೋಗೈತಿ. ಕಾಣವಲ್ದು ಅಂತ ಅವರಿಗೇ ಗೊತ್ತಿರೂದಿಲ್ಲ. ಅದು ಇನ್ನ ಪೂರಾ ವಾಪಸ್ ಬರೂದು ಕಷ್ಟ. ಆದ್ರ ಮೊದಲ ಗೊತ್ತಾಗಿದ್ರ, ತಲಿ ಎಡಕ್ಕ ಹೊಳ್ಳಿಸಿ ಹೊಳ್ಳಿಸಿ ನೋಡೂದು ಕಲಸ್ತಿದ್ವಿ. ರಸ್ತೆ ದಾಟೂದು ಬಿಡಸ್ತಿದ್ವಿ. ಮನ್ಯಾಗ ಯಾರಿಗೂ ಏನೂ ಕಂಡಿರಲಿಲ್ಲೇನ್ರಿ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮಲಗಿದಲ್ಲಿಂದಲೇ ಅಂದಳು: "ನನ್ನ ಮಗಳ ಕಣ್ಣ ಭಾಳ ಚುರುಕ್ರಿ ಸಾಹೇಬ್ರ. ಏನರ ಇದ್ದಿದ್ರ ಅಕಿಗೆ ಗೊತ್ತಾಗತಿತ್ರಿ."

ವೈದ್ಯರು ನನ್ನ ಕಡೆ ನೋಡಿದರು. "ಇಲ್ರಿ ಸರ್," ಎಂದೆ. "ಏನೂ ಕಂಡಿಲ್ಲ."

ಆಮೇಲೆ ಹೊರಗಿನ ನಳದ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದೆ. ಅಕ್ಕನಿಗಾದರೂ ಹೇಳಬೇಕೆಂದುಕೊಂಡೆ. ಏನೆಂದು ಹೇಳುವುದು? ಅವ್ವನಿಗೆ ಲೋಕದ ಅರ್ಧ ಕಾಣುತ್ತಿಲ್ಲ ಎಂಬುದನ್ನು ಒಂದು ಬೆಕ್ಕಿನ ಆಟ ದಿನಾ ನನ್ನ ಕಣ್ಣೆದುರು ಇಡುತ್ತಿತ್ತು, ನಾನು ಗೆಲ್ಲುವ ಆಸೆಗೆ ಸುಮ್ಮನಿದ್ದೆ ಎಂದು ಹೇಳುವುದೇ? ಅದನ್ನು ಕೇಳಿದರೆ ಯಾರಿಗಾದರೂ ನಗು ಬಂದೀತು. ನನಗೆ ಆ ನಗುವಿನದೇ ಹೆದರಿಕೆ ಇತ್ತು.

ಅವ್ವ ಈಗ ಮನೆಯಲ್ಲಿದ್ದಾಳೆ. ಕೋಲಿನ ಆಸರೆಯಲ್ಲಿ ಬಾಗಿಲ ತನಕ ನಡೆಯುತ್ತಾಳೆ. ಅವಳು ಮಲಗುವ ಹೊರಸನ್ನು ತಿರುಗಿಸಿ, ಬಾಗಿಲೂ ಕಿಟಕಿಯೂ ಅವಳ ಬಲಕ್ಕೆ ಬರುವಂತೆ ಇಟ್ಟಿದ್ದೇನೆ. ತಾಟನ್ನು ಅರ್ಧ ಊಟವಾದ ಮೇಲೆ ತಿರುಗಿಸುತ್ತೇನೆ. ದಿನವೂ ರಕ್ತದೊತ್ತಡದ ಗುಳಿಗೆ ಮರೆಯದೆ ಕೊಡುತ್ತೇನೆ. ಓಣಿಯ ಹೆಂಗಸರು, "ಮಗಳಂದ್ರ ಹಿಂಗಿರಬೇಕ ನೋಡವಾ" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಒಳಗೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ.

ಆಟವನ್ನು ಮೊಬೈಲಿನಿಂದ ತೆಗೆದುಹಾಕಿದ್ದೆ. ಒಂದು ಸಂಜೆ ಅವ್ವನೇ ಕೇಳಿದಳು: "ಬೆಕ್ಕಿನ ಆಟಾ ಬಿಟ್ಟೇನ? ನನಗ ಕುಂತು ಕುಂತು ಬ್ಯಾಸರಾಗತೈತಿ. ತಗೀ, ಸಾಲ ಹಿಡಿಯೂಣ." ಇಲ್ಲ ಎನ್ನಲು ನೆಪ ಸಿಗಲಿಲ್ಲ. ಮತ್ತೆ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತೆ. ಒಂದು ತೋಟದ ಚಿತ್ರ ತೆರೆಯಿತು. ಅವ್ವ ಒಂದೆರಡು ಬೆಕ್ಕು ಮುಟ್ಟಿ, "ನನ್ನ ಕಡಿ ಮುಗೀತು" ಎಂದಳು. ಎಡ ಅಂಚಿನಲ್ಲಿ, ಬೇಲಿಯ ಮೇಲೆ, ಒಂದು ದೊಡ್ಡ ಬೆಕ್ಕು ನಮ್ಮಿಬ್ಬರನ್ನೂ ನೋಡುತ್ತ ಕೂತಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ.

"ಅವ್ವಾ, ಮುಗಿದಿಲ್ಲ. ನಿನ್ನ ಕಡಿ ಇನ್ನೂ ಅದಾವ. ಅವಾಗೂ ಇದ್ವು, ಅಂಗಡ್ಯಾಗ ಆಡುವಾಗೂ ಇದ್ವು. ನನಗ ಕಾಣತಿದ್ವು. ಎಲ್ಲಾ ಒಂದ ಕಡಿ ಉಳಿಯಾಕತ್ತಾವಂತ ನನಗ ಗೊತ್ತಿತ್ತು. ನಾ ನಿನಗ ಹೇಳ್ಲಿಲ್ಲ. ಹೇಳಿದ್ರ ನೀ ಗೆಲ್ಲತಿ ಅಂತ ಹೇಳ್ಲಿಲ್ಲ. ದವಾಖಾನ್ಯಾಗ ಸುಳ್ಳ ಹೇಳಿದೆ."

ಅವ್ವ ಮೊಬೈಲಿನ ಎಡ ಅಂಚನ್ನು ಬೆರಳಿನಿಂದ ಸವರಿದಳು, ಕತ್ತಲೆಯಲ್ಲಿ ಗೋಡೆ ಸವರುವ ಹಾಗೆ. ಬೆರಳು ಬೆಕ್ಕಿಗೆ ತಾಗಿ ಅದು ಮಿಯಾಂವ್ ಎಂದಿತು.

"ಇಷ್ಟ ಹತ್ತಿರ ಇದ್ವು?"

"ಇದ್ವವ್ವ."

"ನಾ ಬ್ಯಾರೇನ ತಿಳಕೊಂಡಿದ್ನಿ," ಎಂದಳು. "ಮಿಯಾಂವ್ ಮಿಯಾಂವ್ ಅಂತ ನಿನ್ನ ಕಡೀನ ಕೇಳತಿತ್ತು. ಬೆಕ್ಕ ಇರೂ ಕಡಿ ನೀ ಇಟಗೊಂಡು, ಖಾಲಿ ಕಡಿ ನನಗ ಹಚ್ಚಿದಿ ಅಂತ ತಿಳಕೊಂಡಿದ್ನಿ. ಮಗಳು ಮೋಸಾ ಮಾಡಾಕತ್ಯಾಳ ಅಂತ."

"ಮತ್ತ ಯಾಕ ಒಂದ ದಿನಾನೂ ಜಗಳಾ ತಗೀಲಿಲ್ಲ?"

"ದಿನಾ ಮಂದೀ ಕೂಡ ಒದರಿ ಒದರಿ ಸೋತ ಕುಂತಿರತಿದ್ದಿ. ಇದರಾಗರ ಗೆಲ್ಲಲಿ ಅಂತ ಬಿಟ್ಟೆ. ನಕ್ಕಾಗ ನಿನ್ನ ಮುಖಾ ಛಲೋ ಕಾಣತಿತ್ತು."

ಇಷ್ಟು ಹೇಳಿ, ಉಳಿದವನ್ನು ಹುಡುಕಿ ಮುಂದಿನ ಚಿತ್ರ ತೆರೆ ಎಂದು ಮೊಬೈಲನ್ನು ನನ್ನ ಕಡೆ ಸರಿಸಿದಳು. ನಾನು ಮಾಡದೆ ಇದ್ದ ಮೋಸವನ್ನು ಅವ್ವ ಎಂದೋ ಹೊಟ್ಟೆಗೆ ಹಾಕಿಕೊಂಡಿದ್ದಳು. ಮಾಡಿದ್ದರ ಬಗ್ಗೆ ಅವಳು ಏನೂ ಅನ್ನಲಿಲ್ಲ. ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.